ಪ್ಲಸ್ 16: ಫ್ಯಾರೋ ದ್ವೀಪದಲ್ಲಿ ಕಣ್ಣಿನ ಬೆನ್ನು ಹತ್ತಿ ಹತ್ತು ತಿಂಗಳು

ಕೊನೆಯ ಕಾಗದ ಹೋದ ವಾರ ಬಂತು. ಫೈಲಿಗೆ ಸೇರಿಸುವಾಗ ನೋಡಿದೆ, ಅದು ನಮ್ಮ ಮದುವೆ ಆಲ್ಬಮ್ಮಿಗಿಂತ ದಪ್ಪ ಆಗಿದೆ. ಆಗಸ್ಟಿನಲ್ಲಿ ಶುರುವಾಗಿದ್ದು ಜೂನಿಗೆ ಮುಗಿಯಿತು. ಕನ್ನಡಕದ ಅತಿ ಹೆಚ್ಚು ಪ್ಲಸ್ ಪವರ್ ವಂಶದಲ್ಲೇ ಇರುವ ಮನೆಗೆ ಸೇರಿದವರು, ಇಲ್ಲವೇ ಅಂಥ ಮನೆಯಲ್ಲೇ ಹುಟ್ಟಿದವರು ಯಾರಾದರೂ ಇದನ್ನು ಓದಬಹುದು. ನಾವು ಎಡವಿದ ಕಡೆ ನೀವೂ ಎಡವುವುದು ಬೇಡ ಅಂತ ಎಲ್ಲ ಬರೆದಿಡುತ್ತಿದ್ದೇನೆ.

ನಾನು ತಿಪಟೂರಿನವಳು. ಓದಲು ಕೋಪನ್‌ಹೇಗನ್ನಿಗೆ ಹೋದೆ, ಅಲ್ಲಿ ಸಿಕ್ಕಿದ ಹುಡುಗನನ್ನು ಮದುವೆಯಾದೆ, ಅವನ ಊರಿಗೆ ಬಂದೆ. ಅವನ ಊರು ಫ್ಯಾರೋ ದ್ವೀಪಗಳು. ಸ್ಕಾಟ್ಲೆಂಡಿಗೂ ಐಸ್‌ಲ್ಯಾಂಡಿಗೂ ನಡುವೆ, ಅಟ್ಲಾಂಟಿಕ್ ಸಮುದ್ರದಲ್ಲಿ ಎದ್ದು ನಿಂತ 18 ಕಲ್ಲುಗುಡ್ಡ ಅಂದುಕೊಳ್ಳಿ. ಡೆನ್ಮಾರ್ಕಿನ ರಾಜ್ಯಕ್ಕೆ ಸೇರಿದ್ದು, ಆದರೆ 1948ರಿಂದ ಸ್ವಂತ ಆಡಳಿತ. ಒಟ್ಟು ಜನ ಸುಮಾರು 54,000. ಹೆಚ್ಚು ಕಡಿಮೆ ನಮ್ಮ ತಿಪಟೂರು ಪಟ್ಟಣದಷ್ಟು. ಅಷ್ಟೇ ಒಂದು ದೇಶ.

ನನ್ನ ಗಂಡನ ಕನ್ನಡಕ ಪ್ಲಸ್ 16. ಅವನ ಅಕ್ಕನದು ಪ್ಲಸ್ 14. ತೀರಿಕೊಂಡ ಒಬ್ಬ ದೊಡ್ಡಪ್ಪನಿಗೂ ಹಾಗೇ ಇತ್ತಂತೆ. ಕನ್ನಡಕ ತೆಗೆದರೆ ಅವನ ಕಣ್ಣು ಎಲ್ಲರ ಹಾಗೇ ಕಾಣುತ್ತದೆ. ಹಾಕಿಕೊಂಡರೆ ಅಮ್ಮನವರ ಮುಖಕ್ಕೆ ಅಂಟಿಸಿದ ಬೆಳ್ಳಿ ಕಣ್ಣಿನ ಹಾಗೆ ಮುಖ ತುಂಬ ಕಣ್ಣು. ಮೊದಲ ಸಲ ವಿಡಿಯೋ ಕಾಲಿನಲ್ಲಿ ನೋಡಿದಾಗ ನಮ್ಮಮ್ಮ ಅಂದಿದ್ದು ಒಂದೇ ಮಾತು: "ಹುಡುಗ ಒಳ್ಳೆಯವನ ಹಾಗೆ ಕಾಣ್ತಾನೆ ಕಣೇ, ಆದ್ರೆ ಅದೇನೇ ಅದು, ಭೂತಗನ್ನಡಿ?"

ದೂರದೃಷ್ಟಿ ಅಂದ ಕೂಡಲೇ ದೂರದ್ದು ಚೆನ್ನಾಗಿ ಕಾಣುತ್ತದೆ, ಹತ್ತಿರದ್ದು ಮಾತ್ರ ಮಸುಕು ಅಂದುಕೊಳ್ಳುತ್ತೇವೆ ಅಲ್ವಾ? ಶಾಲೆಯ ಪುಸ್ತಕದಲ್ಲೂ ಹಾಗೇ ಓದಿದ್ದು. ಪವರ್ ಒಂದೋ ಎರಡೋ ಇದ್ದರೆ ಅದು ಸರಿ. 16 ಇದ್ದರೆ ದೂರವೂ ಇಲ್ಲ, ಹತ್ತಿರವೂ ಇಲ್ಲ. ಕಣ್ಣಿನ ಒಳಗಿನ ಮಸೂರ ಎಷ್ಟೇ ಉಬ್ಬಿದರೂ ಅಷ್ಟು ಕೊರತೆ ತುಂಬಿಕೊಡಲು ಆಗುವುದಿಲ್ಲ. ಕನ್ನಡಕ ಇಲ್ಲದೆ ನನ್ನ ಗಂಡನಿಗೆ ಎದುರಿನ ಬೆಟ್ಟವೂ ಮಸುಕು, ಕೈಯಲ್ಲಿರುವ ಚಮಚವೂ ಮಸುಕು.

ಸಂಜೆ ಒಳಗೆ ತಿರುಗುವ ಕಣ್ಣು

ಮಗಳಿಗೆ ಮೂರೂವರೆ ವರ್ಷ. ಆಗಸ್ಟಿನಲ್ಲಿ ಒಂದು ಸಂಜೆ ಊಟಕ್ಕೆ ಕೂರಿಸಿದ್ದೆ. ಮೊಸರನ್ನದ ತಟ್ಟೆಯನ್ನೇ ನೋಡುತ್ತಿದ್ದಳು. ಅವಳ ಎಡಗಣ್ಣು ಮೆಲ್ಲಗೆ ಮೂಗಿನ ಕಡೆ ಸರಿಯಿತು. ತಲೆ ಎತ್ತಿದಳು, ಸರಿಹೋಯಿತು. ಮತ್ತೆ ತಟ್ಟೆ ನೋಡಿದಳು, ಮತ್ತೆ ಸರಿಯಿತು. ನನ್ನ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು. ಗಂಡನಿಗೆ ಹೇಳಿದರೆ ಅವನು ಮಾತೇ ಆಡಲಿಲ್ಲ. ಎದ್ದು ಹೋಗಿ ಕಿಟಕಿ ಹತ್ತಿರ ನಿಂತ. ಅವನು ಅಷ್ಟು ಹೊತ್ತು ಸುಮ್ಮನಿದ್ದಿದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ.

ಮಾರನೇ ದಿನವೇ ಒಂದು ಕನ್ನಡಕದ ಅಂಗಡಿಗೆ ಕರೆದುಕೊಂಡು ಹೋದೆವು. ಯಂತ್ರದ ಮುಂದೆ ಗಲ್ಲ ಇಡಿಸಿ ನೋಡಿದರು. "ಪ್ಲಸ್ 2.5 ಬರುತ್ತಿದೆ, ಮಕ್ಕಳಿಗೆ ಇದು ಮಾಮೂಲಿ, ಆರು ತಿಂಗಳು ಬಿಟ್ಟು ಬನ್ನಿ" ಅಂದರು. ನನಗೆ ಎಷ್ಟು ಹಾಯೆನಿಸಿತು ಅಂದರೆ ದಾರಿಯಲ್ಲಿ ಐಸ್‌ಕ್ರೀಮ್ ಕೊಡಿಸಿದೆ. ನನ್ನ ಗಂಡನೇ ಹಟ ಹಿಡಿದ. "ಹನಿ ಹಾಕದೆ ಅಳೆದಿದ್ದಾರೆ. ಅದಕ್ಕೆ ಅರ್ಥವಿಲ್ಲ."

ಇದನ್ನು ದಯವಿಟ್ಟು ನೆನಪಿಡಿ. ಸಣ್ಣ ಮಕ್ಕಳ ಕಣ್ಣಿನ ಸ್ನಾಯು ಬಲು ಚುರುಕು. ಇರುವ ಪ್ಲಸ್ ಪವರನ್ನು ಅದು ಬಿಗಿ ಹಿಡಿದು ಮುಚ್ಚಿಟ್ಟುಬಿಡುತ್ತದೆ. ಹನಿ ಹಾಕಿ ಆ ಸ್ನಾಯುವನ್ನು ಸಡಿಲ ಮಾಡಿದ ಮೇಲೆ ಅಳೆದರೆ ಮಾತ್ರ ನಿಜವಾದ ಲೆಕ್ಕ ಸಿಗುತ್ತದೆ. ಹನಿ ಹಾಕದೆ ಬರೆದುಕೊಟ್ಟ ಚೀಟಿ ನಂಬಿ ನಾವು ಆರು ತಿಂಗಳು ಕೂತಿದ್ದರೆ ಎಡಗಣ್ಣು ಇನ್ನಷ್ಟು ಸೋಮಾರಿಯಾಗುತ್ತಿತ್ತು.

ಕಣ್ಣಿನ ಡಾಕ್ಟರ ಸರದಿಗೆ ಏಳು ವಾರ ಕಾಯಬೇಕಾಯಿತು. ಇಲ್ಲಿ ಯಾವುದಕ್ಕೂ 'ಕನ್ಸ್ಕಾ' ಅನ್ನುತ್ತಾರೆ. ಅಂದರೆ 'ಬಹುಶಃ'. ದೋಣಿ ಬರುತ್ತದಾ? ಕನ್ಸ್ಕಾ. ವಿಮಾನ ಇಳಿಯುತ್ತದಾ? ಕನ್ಸ್ಕಾ. ಎರಡನೇ ಮಹಾಯುದ್ಧದಲ್ಲಿ ಇಲ್ಲಿದ್ದ ಬ್ರಿಟಿಷ್ ಸೈನಿಕರು ಈ ಊರಿಗೆ 'ಬಹುಶಃ ದೇಶ' ಅಂತಲೇ ಹೆಸರಿಟ್ಟಿದ್ದರಂತೆ. ಈ ಹತ್ತು ತಿಂಗಳಲ್ಲಿ ಆ ಪದವನ್ನು ನಾನು ಅದೆಷ್ಟು ಸಲ ಕೇಳಿದೆನೋ.

ಹನಿ, ಕತ್ತಲೆ, ಒಂದು ಅಂಕಿ

ಅಕ್ಟೋಬರಿನಲ್ಲಿ ಸರದಿ ಬಂತು. ಇಲ್ಲಿ ಡಾಕ್ಟರನ್ನೂ ಹೆಸರು ಹಿಡಿದೇ ಕರೆಯುತ್ತಾರೆ. ನನಗೆ ಇವತ್ತಿಗೂ ಬಾಯಿ ಬರುವುದಿಲ್ಲ, ಸುಮ್ನೆ "ಡಾಕ್ಟರ್" ಅನ್ನುತ್ತೇನೆ, ಅವರು ನಗುತ್ತಾರೆ. ಹನಿ ಹಾಕಿದರು. ಉರಿಯುತ್ತದೆ, ಮಗು ಅಳುತ್ತದೆ, ಅದಕ್ಕೆ ಸಿದ್ಧರಾಗಿ ಹೋಗಿ. ಎರಡು ಸಲ ಹಾಕಿ ಮುಕ್ಕಾಲು ಗಂಟೆ ಕೂರಿಸಿದರು. ಆಮೇಲೆ ಅವಳಿಗೆ ಬೆಳಕೇ ಬೇಡವಾಯಿತು. ನನ್ನ ಶಾಲಿನ ಒಳಗೆ ಮುಖ ಹುದುಗಿಸಿಕೊಂಡು ಮಲಗಿದಳು. ಹೋಗುವಾಗ ಮಗುವಿಗೆ ಒಂದು ಟೋಪಿ, ಸಿಕ್ಕಿದರೆ ಒಂದು ಕಪ್ಪು ಕನ್ನಡಕ ಇಟ್ಟುಕೊಳ್ಳಿ. ಮಾರನೇ ದಿನದವರೆಗೂ ಚಿತ್ರದ ಪುಸ್ತಕ ಕೈಗೆ ಕೊಡಬೇಡಿ, ಕಾಣದೆ ಸಿಟ್ಟು ಮಾಡುತ್ತಾರೆ.

ಹನಿ ಹಾಕಿದ ಮೇಲೆ ಬಂದ ಲೆಕ್ಕ: ಬಲಗಣ್ಣು ಪ್ಲಸ್ 5.5, ಎಡಗಣ್ಣು ಪ್ಲಸ್ 6.25. ಅಂಗಡಿಯವರ 2.5 ಎಲ್ಲಿ, ಇದೆಲ್ಲಿ!

ಡಾಕ್ಟರು ಅಷ್ಟಕ್ಕೇ ನಿಲ್ಲಿಸಲಿಲ್ಲ. ಇನ್ನೊಂದು ಯಂತ್ರದ ಮುಂದೆ ಕೂರಿಸಿ ಕಣ್ಣಿನ ಉದ್ದ ಅಳೆದರು. ಮುಂದಿನಿಂದ ಹಿಂದಿನವರೆಗೆ, ಮಿಲಿಮೀಟರಿನಲ್ಲಿ. ಕಣ್ಣಿಗೆ ಉದ್ದ ಅಂತ ಒಂದಿದೆ ಅನ್ನುವುದೇ ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ದೊಡ್ಡವರ ಕಣ್ಣು ಸಾಮಾನ್ಯವಾಗಿ 23-24 ಮಿ.ಮೀ. ಉದ್ದ. ಮಗಳದು 20.6. "ವಯಸ್ಸಿಗೆ ಸ್ವಲ್ಪ ಗಿಡ್ಡ, ಅಷ್ಟೆ" ಅಂದರು. ಆಮೇಲೆ ನನ್ನ ಗಂಡನ ಕಡೆ ತಿರುಗಿ, "ನಿನ್ನದು ಎಷ್ಟು?" ಅಂತ ಕೇಳಿದರು. ಅವನಿಗೆ ಗೊತ್ತಿರಲಿಲ್ಲ. 38 ವರ್ಷದಲ್ಲಿ ಪವರ್ ಬಿಟ್ಟು ಇನ್ನೇನನ್ನೂ ಯಾರೂ ಅಳೆದಿರಲಿಲ್ಲ. ಅಲ್ಲೇ ಕೂರಿಸಿ ಅಳೆದರು.

16.4.

"ಈಗಷ್ಟೇ ಹುಟ್ಟಿದ ಮಗುವಿನ ಕಣ್ಣು ಇಷ್ಟಿರುತ್ತದೆ" ಅಂದರು ಡಾಕ್ಟರು. ಆರು ಅಡಿ ಎರಡು ಇಂಚಿನ ಮನುಷ್ಯ ಆ ಸಣ್ಣ ಸ್ಟೂಲಿನ ಮೇಲೆ ಕೂತಿದ್ದ. ಅವನ ಮುಖವನ್ನೇ ನೋಡುತ್ತಾ ನಾನು ನಿಂತಿದ್ದೆ.

ಇದಕ್ಕೆ ವೈದ್ಯರ ಭಾಷೆಯಲ್ಲಿ 'ಪೋಸ್ಟೀರಿಯರ್ ಮೈಕ್ರೋಫ್ತಾಲ್ಮಾಸ್' ಅನ್ನುತ್ತಾರೆ. ಕಣ್ಣಿನ ಮುಂಭಾಗ ಹೆಚ್ಚು ಕಡಿಮೆ ಸರಿಯಾಗಿ ಬೆಳೆದಿರುತ್ತದೆ, ಹಿಂಭಾಗ ಮಾತ್ರ ಗಿಡ್ಡ. ಅದಕ್ಕೇ ನೋಡಿದವರಿಗೆ ಗೊತ್ತಾಗುವುದಿಲ್ಲ. ಇಡೀ ಕಣ್ಣೇ ಚಿಕ್ಕದಾದರೆ ಅದಕ್ಕೆ 'ನ್ಯಾನೋಫ್ತಾಲ್ಮಾಸ್' ಅಂತ ಇನ್ನೊಂದು ಹೆಸರು. ಎರಡೂ ದಾಯಾದಿಗಳೇ, ನಡುವಿನ ಗೆರೆ ಅಷ್ಟು ಗಟ್ಟಿಯಲ್ಲ. ನಿಮ್ಮ ಚೀಟಿಯಲ್ಲಿ ಯಾವುದು ಬರೆದಿದ್ದರೂ ಗಾಬರಿ ಬೇಡ. ಆದರೆ ಕಣ್ಣಿನ ಉದ್ದ ಎಷ್ಟು ಅಂತ ಬರೆಸಿಕೊಂಡೇ ಬನ್ನಿ. ಮುಂದೆ ಯಾವ ಡಾಕ್ಟರ ಹತ್ತಿರ ಹೋದರೂ ಮೊದಲು ಕೇಳುವುದು ಆ ಅಂಕಿಯನ್ನೇ.

ಈ ಪುಟ್ಟ ದೇಶದಲ್ಲಿ ಈ ತೊಂದರೆ ಬೇರೆ ಕಡೆಗಿಂತ ಜಾಸ್ತಿ. 2005ರಲ್ಲೇ ಡೆನ್ಮಾರ್ಕಿನ ವೈದ್ಯರು ಫ್ಯಾರೋ ಮನೆತನಗಳ ಬಗ್ಗೆ ಪ್ರಬಂಧ ಬರೆದಿದ್ದರು. 2011ರಲ್ಲಿ ಇದಕ್ಕೆ ಕಾರಣವಾದ ಜೀನ್ ಸಿಕ್ಕಿತು. ಎರಡನೇ ಕ್ರೋಮೋಸೋಮಿನ ಮೇಲೆ ಇರುವ 'ಪಿಆರ್‌ಎಸ್‌ಎಸ್56'. ಅದನ್ನು ಹುಡುಕಲು ನೆರವಾಗಿದ್ದೇ ಇಲ್ಲಿಯ ಎರಡು ದೊಡ್ಡ ಮನೆತನಗಳು. ಅಪ್ಪನಿಂದ ಒಂದು, ಅಮ್ಮನಿಂದ ಒಂದು ಅಂತ ಬರುವ ಈ ಜೀನಿನ ಎರಡೂ ಪ್ರತಿ ಕೆಟ್ಟಿದ್ದರೆ ಮಾತ್ರ ಕಣ್ಣು ಗಿಡ್ಡವಾಗುತ್ತದೆ. ಒಂದೇ ಕೆಟ್ಟಿದ್ದರೆ ಮನುಷ್ಯ ಬರೀ ವಾಹಕ, ಕಣ್ಣಿಗೆ ಏನೂ ಆಗುವುದಿಲ್ಲ.

ಹಾಗಾದರೆ ಮಗಳ ಲೆಕ್ಕ ಏನು? ಅಪ್ಪನ ಎರಡೂ ಪ್ರತಿ ಕೆಟ್ಟಿವೆ, ಹಾಗಾಗಿ ಅವನಿಂದ ಒಂದು ಕೆಟ್ಟ ಪ್ರತಿ ಅವಳಿಗೆ ಬಂದೇ ಬಂದಿರುತ್ತದೆ. ಇನ್ನೊಂದು ನನ್ನಿಂದ ಬರಬೇಕು. "ನಿನ್ನದು ಸರಿಯಿದ್ದರೆ ಅವಳಿಗೆ ಇದು ಬರುವುದಿಲ್ಲ. ನೀನೂ ವಾಹಕಳಾಗಿದ್ದರೆ ಎರಡರಲ್ಲಿ ಒಂದು ಪಾಲು ಸಾಧ್ಯತೆ" ಅಂದರು ಡಾಕ್ಟರು. "ನೀನು ಭಾರತದವಳು, ಸಾಧ್ಯತೆ ತೀರಾ ಕಡಿಮೆ. ಆದರೆ ಮನೆಯಲ್ಲಿ ಈ ಚರಿತ್ರೆ ಇದೆ, ನೋಡಿಯೇ ಬಿಡೋಣ."

ಅಲ್ಲಿಯವರೆಗೆ ಇದು ಗಂಡನ ಮನೆಯ ವಿಷಯವಾಗಿತ್ತು. ಅವತ್ತು ನನ್ನ ಮನೆಗೂ ಬಂತು.

ವಂಶವೃಕ್ಷದ ಎರಡು ಗೆರೆ

ಕೋಪನ್‌ಹೇಗನ್ನಿನ ಆಸ್ಪತ್ರೆಗೆ ಬರೆದುಕೊಟ್ಟರು. ಜನವರಿಗೆ ದಿನ ಸಿಕ್ಕಿತು. ಜೊತೆಗೆ ಒಂದು ಫಾರಂ ಬಂತು: ಎರಡೂ ಕಡೆಯ ಮೂರು ತಲೆಮಾರು ಬರೆದುಕೊಂಡು ಬನ್ನಿ.

ಅತ್ತೆಗೆ ಫೋನ್ ಮಾಡಿದೆವು. ಅವರಿರುವುದು ತೀರಾ ದಕ್ಷಿಣದ ಸುದುರೋಯ್ ದ್ವೀಪದಲ್ಲಿ. ಬೇರೆ ದೊಡ್ಡ ದ್ವೀಪಗಳಿಗೆಲ್ಲ ಸಮುದ್ರದ ಕೆಳಗೆ ಸುರಂಗ ಆಗಿದೆ, ಅಲ್ಲಿಗೆ ಇನ್ನೂ ಎರಡು ಗಂಟೆ ದೋಣಿಯೇ ಗತಿ. ಅವರು ಮುಂದಿನ ಶನಿವಾರವೇ ಬಂದರು. ಚೀಲದಲ್ಲಿ ಅರ್ಧ ಹೆಣೆದ ಸ್ವೆಟರು, ಅದರ ಕೆಳಗೆ ಒಂದು ಹಳೆಯ ನೋಟ್‌ಬುಕ್ಕು. ಅದರಲ್ಲಿ ಅವರ ತಂದೆ ಕೈಯಲ್ಲಿ ಬರೆದ ವಂಶಾವಳಿ. ಮೂರಲ್ಲ, ಒಂಬತ್ತು ತಲೆಮಾರು! ಇಲ್ಲಿ ಅಪರಿಚಿತ ಮಗುವನ್ನು ಕಂಡರೆ ಹಿರಿಯರು ಕೇಳುವುದೇ "ನೀನು ಯಾರವಳು?" ಅಂತ. ನಮ್ಮ ಕಡೆ "ಯಾರ ಮನೆ ಮಗಳವ್ವಾ ನೀನು?" ಅನ್ನುವ ಹಾಗೇ.

1800ರ ಹೊತ್ತಿಗೆ ಈ 18 ದ್ವೀಪ ಸೇರಿ ಇದ್ದ ಜನ ಸುಮಾರು 5,000. ನಾರ್ವೆ ಕಡೆಯ ಜನ ಬಂದು ನೆಲೆಸಿ ಸಾವಿರ ವರ್ಷ ಆಗಿತ್ತು. ಹಳ್ಳಿಯಿಂದ ಹಳ್ಳಿಗೆ ಹೋಗಲು ಬೆಟ್ಟ ಹತ್ತಬೇಕು, ಇಲ್ಲವೇ ದೋಣಿ. ಚಳಿಗಾಲದಲ್ಲಿ ಅದೂ ಇಲ್ಲ. ಹೆಣ್ಣು ಗಂಡು ಹುಡುಕುವುದು ಅಲ್ಲಲ್ಲೇ. ಬೇಕಂತ ಹತ್ತಿರದ ಸಂಬಂಧ ಮಾಡಿಕೊಂಡವರಲ್ಲ. ಆದರೆ ಏಳೆಂಟು ತಲೆಮಾರು ಹಿಂದಕ್ಕೆ ಹೋದರೆ ಎಲ್ಲರೂ ಎಲ್ಲರಿಗೂ ಏನೋ ಆಗಬೇಕು. ಯಾರೋ ಒಬ್ಬ ಹಿರಿಯನ ಜೀನಿನ ಬರವಣಿಗೆಯಲ್ಲಿ ಇದ್ದ ಒಂದು ತಪ್ಪಕ್ಷರ ಹೀಗೆ ಹರಡುತ್ತದೆ. ಕಣ್ಣು ಒಂದೇ ಅಲ್ಲ, ಮೈಯ ಕೊಬ್ಬನ್ನು ಶಕ್ತಿಯಾಗಿಸಲು ಬೇಕಾದ ಕಾರ್ನಿಟೈನ್ ಅನ್ನುವುದರ ಕೊರತೆಯ ಒಂದು ಕಾಯಿಲೆ ಇಲ್ಲಿ ಸುಮಾರು 300 ಜನರಲ್ಲಿ ಒಬ್ಬರಿಗಿದೆ. ಜಗತ್ತಿನಲ್ಲೇ ಅಷ್ಟು ಇನ್ನೆಲ್ಲೂ ಇಲ್ಲ. ಅದಕ್ಕೇ ಇಲ್ಲಿಯ ಜನ ರಕ್ತ ಕೊಟ್ಟು ಜೀನ್ ನೋಡಿಸಿಕೊಳ್ಳಲು ನಮ್ಮಷ್ಟು ಹೆದರುವುದಿಲ್ಲ.

ಜನವರಿ. ವಿಮಾನ ಹೊರಡುವ ದಿನ ಮಂಜು. ಬೆಳಿಗ್ಗೆ ಎಂಟರಿಂದ ವಿಮಾನ ನಿಲ್ದಾಣದಲ್ಲಿ ಕೂತು ಮಧ್ಯಾಹ್ನ ಮೂರಕ್ಕೆ "ಇವತ್ತಿಲ್ಲ" ಅಂದರು. ಮಾರನೇ ದಿನ ಹೋದೆವು. ಆಸ್ಪತ್ರೆಯ ದಿನ ಅದರ ಮರುದಿನ ಇತ್ತು, ಬಚಾವಾದೆವು. ನೀವೂ ಒಂದು ದಿನ ಮುಂಚೆಯೇ ಹೊರಡಿ, ಸಾಧ್ಯವಿದ್ದರೆ ಎರಡು ದಿನ. ಚಿಕಿತ್ಸೆಗೆ ಅಂತ ಕಳಿಸಿದರೆ ವಿಮಾನದ ಖರ್ಚು ಸರಕಾರದ್ದು, ಆದರೆ ಕಾಗದ ಕೈಯಲ್ಲಿ ಇರಬೇಕು. ಹಾರಾಟ ರದ್ದಾದ ಚೀಟಿಯನ್ನೂ ಎಸೆಯಬೇಡಿ. ನಾನು ಎಸೆದೆ. ಅದಕ್ಕಾಗಿ ಆಮೇಲೆ ನಾಲ್ಕು ಮಿಂಚಂಚೆ ಬರೆಯಬೇಕಾಯಿತು.

ಜೆನೆಟಿಕ್ಸ್ ವಿಭಾಗದಲ್ಲಿ ಒಬ್ಬ ಮಧ್ಯವಯಸ್ಸಿನ ಹೆಂಗಸು ಮೇಜಿನ ಮೇಲೆ ದೊಡ್ಡ ಕಾಗದ ಹರಡಿದರು. ಗಂಡಿಗೆ ಚೌಕ, ಹೆಣ್ಣಿಗೆ ದುಂಡು. ಗಂಡನ ಕಡೆಯದು ನೀಟಾಗಿ ಬಂತು. ಅತ್ತೆಯ ನೋಟ್‌ಬುಕ್ಕು ನೋಡಿ ಅವರಿಗೆ ಸಂತೋಷವಾಯಿತು. ಆಮೇಲೆ ನನ್ನ ಕಡೆ.

"ನಿನ್ನ ತಂದೆ ತಾಯಿಗೆ ಮದುವೆಗೆ ಮೊದಲೇ ಸಂಬಂಧ ಏನಾದರೂ ಇತ್ತಾ?"

"ಇತ್ತು. ಅಪ್ಪ ಅಮ್ಮನಿಗೆ ಸೋದರತ್ತೆ ಮಗ."

ಅವರು ಎರಡು ಗೆರೆ ಎಳೆದರು. ಹತ್ತಿರದ ಸಂಬಂಧದ ಮದುವೆಗೆ ಜೋಡಿ ಗೆರೆ.

"ಅಜ್ಜ ಅಜ್ಜಿ?"

"ಅಮ್ಮನ ಅಪ್ಪ ಅಮ್ಮ... ಅಜ್ಜಿ ತನ್ನ ಸೋದರಮಾವನನ್ನೇ ಮದುವೆಯಾಗಿದ್ದು."

ಪೆನ್ನು ನಿಂತಿತು. "ಅಂದರೆ ತಾಯಿಯ ತಮ್ಮ?" ಹೌದು ಅಂದೆ. ಅವರು ಮತ್ತೊಂದು ಜೋಡಿ ಗೆರೆ ಎಳೆದರು. ಚೌಕ ಒಂದು ತಲೆಮಾರು ಮೇಲೆ, ದುಂಡು ಕೆಳಗೆ, ನಡುವೆ ಗೆರೆ ಅಡ್ಡಡ್ಡ ಹೋಯಿತು. ಹಿಂದೆ ಎಳೆದಿದ್ದಕ್ಕೆ ಅದು ತಾಗಿತು. ಕಾಗದ ಸಾಲದೆ ಇನ್ನೊಂದು ಹಾಳೆ ಅಂಟಿಸಿದರು. ನನ್ನ ಗಂಡ ಕೆಮ್ಮುವ ನೆಪದಲ್ಲಿ ನಗು ತಡೆದುಕೊಳ್ಳುತ್ತಿದ್ದ.

ನನ್ನ ಕಿವಿ ಬಿಸಿಯಾಯಿತು. ಐದು ತಿಂಗಳಿಂದ ಊರಿನ ಗೆಳತಿಯರಿಗೆಲ್ಲ ನಾನು ಹೇಳುತ್ತಾ ಬಂದಿದ್ದು ಏನು? "ಚಿಕ್ಕ ದ್ವೀಪ ಕಣೇ, ಅವರವರಲ್ಲೇ ಮದುವೆ, ಅದಕ್ಕೇ ಹೀಗೆ." ಒಂಬತ್ತು ತಲೆಮಾರು ಬರೆದಿದ್ದ ನೋಟ್‌ಬುಕ್ಕಿನಲ್ಲಿ ಒಂದೇ ಒಂದು ಜೋಡಿ ಗೆರೆ ಇರಲಿಲ್ಲ. ತಿಪಟೂರಿನ ಮೂರು ತಲೆಮಾರಿನಲ್ಲಿ ಎರಡಿತ್ತು. ನಮ್ಮಲ್ಲಿ ಅದು ಸಂಭ್ರಮದ ವಿಷಯ ಬೇರೆ. ಆಸ್ತಿ ಹೊರಗೆ ಹೋಗಲ್ಲ, ಹುಡುಗಿ ಕಣ್ಣೆದುರೇ ಇರ್ತಾಳೆ ಅಂತ. ಆ ಹೆಂಗಸು ಏನೂ ತಪ್ಪು ಮಾತಾಡಲಿಲ್ಲ. "ನೀವಿಬ್ಬರೂ ಸಂಬಂಧಿಕರಲ್ಲ, ಮಗಳಿಗೆ ಮುಖ್ಯವಾಗುವುದು ಅದು" ಅಂದರು. ಟ್ಯುನೀಷಿಯಾದ ಒಂದು ಸಂಬಂಧದೊಳಗಿನ ಮದುವೆಯ ಮನೆತನದಲ್ಲೂ ಇದೇ ಜೀನಿನ ಇನ್ನೊಂದು ತಪ್ಪು ಸಿಕ್ಕಿದೆ, ಹಾಗಾಗಿ ಯಾರನ್ನೂ ಕೇಳದೆ ಬಿಡುವುದಿಲ್ಲ ಅಂತಲೂ ಹೇಳಿದರು.

ಮೂವರದೂ ರಕ್ತ ತೆಗೆದರು. ಫಲಿತಾಂಶಕ್ಕೆ ಎಷ್ಟು ದಿನ ಅಂತ ಕೇಳಿದೆ. ಡೇನಿಷ್‌ನಲ್ಲಿ ಹೇಳಿದರು, ಆದರೆ ನನಗೆ ಕೇಳಿಸಿದ್ದು ಕನ್ಸ್ಕಾ ಅಂತಲೇ.

ಮಗಳಿಗೆ ಅಂತ ಹೋಗಿ ಗಂಡನಿಗೆ ಲೇಸರ್

ಅದೇ ದಿನ ಮಧ್ಯಾಹ್ನ ಕಣ್ಣಿನ ವಿಭಾಗ. ಅಲ್ಲಿ ನನ್ನ ಗಂಡನ ಕಣ್ಣಿನ ಹಿಂಬದಿಯ ಚಿತ್ರ ತೆಗೆದರು. ಪರದೆಯ ಮೇಲೆ ಅಡ್ಡ ಸೀಳಿದ ಹಾಗೆ ಪದರ ಪದರವಾಗಿ ಕಾಣುತ್ತದೆ. ನಡುಮಧ್ಯದಲ್ಲಿ, ನೋಟ ಚೂಪಾಗಿರಬೇಕಾದ ಜಾಗದಲ್ಲೇ, ಒಂದು ಮಡಿಕೆ ಎದ್ದು ನಿಂತಿತ್ತು. ಕಣ್ಣಿನ ಹೊರಗೋಡೆ ಬೆಳೆಯುವುದು ನಿಂತಿದೆ, ಒಳಗಿನ ರೆಟಿನಾ ತನ್ನ ಪಾಡಿಗೆ ಬೆಳೆದಿದೆ, ಜಾಗ ಸಾಲದೆ ಮಡಿಚಿಕೊಂಡಿದೆ. ರವಿಕೆ ಚಿಕ್ಕದಾಗಿ ಲೈನಿಂಗ್ ಬಟ್ಟೆ ದೊಡ್ಡದಾದರೆ ಒಳಗೆ ಸುಕ್ಕು ಬೀಳುತ್ತದಲ್ಲ, ಹಾಗೆ. ಎಷ್ಟು ಒಳ್ಳೆ ಕನ್ನಡಕ ಹಾಕಿದರೂ ಅವನಿಗೆ ಕೊನೆಯ ಮೂರು ಸಾಲು ಯಾಕೆ ಓದಲು ಬರುವುದಿಲ್ಲ ಅನ್ನುವುದಕ್ಕೆ ಉತ್ತರ ಅದು. ಚಿಕ್ಕಂದಿನಲ್ಲಿ ಶಾಲೆಯಲ್ಲಿ "ಸರಿಯಾಗಿ ನೋಡು" ಅಂತ ಬೈಸಿಕೊಂಡಿದ್ದನಂತೆ. ಆ ಚಿತ್ರದ ಫೋಟೋ ತೆಗೆದು ಅಮ್ಮನಿಗೆ ಕಳಿಸಿದ.

ಅಲ್ಲಿಯ ನರ್ಸು ಮುಂದಿನ ಪರೀಕ್ಷೆಗೆ ಅಂತ ಪಾಪೆ ಹಿಗ್ಗಿಸುವ ಹನಿ ಕೈಗೆ ತೆಗೆದುಕೊಂಡಿದ್ದರು. ಡಾಕ್ಟರು ತಡೆದರು. ಮೊದಲು ಕೋನ ನೋಡಬೇಕು ಅಂದರು. ಕಣ್ಣಿನ ಒಳಗಿನ ನೀರು ಹೊರಗೆ ಹೋಗುವ ಸಂದಿಗೆ ಕೋನ ಅನ್ನುತ್ತಾರೆ. ಗಿಡ್ಡ ಕಣ್ಣಿನಲ್ಲಿ ಮಸೂರ ಮಾತ್ರ ದಪ್ಪ, ವಯಸ್ಸಾದಂತೆ ಇನ್ನೂ ದಪ್ಪ. ಅದು ಮುಂದಕ್ಕೆ ತಳ್ಳಿದರೆ ಸಂದಿ ಕಿರಿದಾಗುತ್ತದೆ. ಪೂರ್ತಿ ಮುಚ್ಚಿದರೆ ಒತ್ತಡ ಏರಿ ಕೆಲವೇ ಗಂಟೆಯಲ್ಲಿ ನೋಟ ಹೋಗಬಹುದು. ಕನ್ನಡಿ ಇರುವ ಒಂದು ಪುಟ್ಟ ಮಸೂರವನ್ನು ಕಣ್ಣಿಗೆ ಒತ್ತಿ ನೋಡಿದರು. ಸಂದಿ ಬಹಳ ಕಿರಿದಾಗಿತ್ತು. "ಇವತ್ತು ಹನಿ ಬೇಡ. ನಾಳೆ ಲೇಸರ್ ಮಾಡಿಬಿಡೋಣ" ಅಂದರು.

ಈ ಮನೆತನದವರಿಗೆ ನಾನು ಕೈಮುಗಿದು ಹೇಳುವುದು ಇದೊಂದೇ. ಪವರ್ ಪ್ಲಸ್ ಎಂಟು ಹತ್ತು ದಾಟಿದ್ದರೆ, ಯಾರು ಪಾಪೆ ಹಿಗ್ಗಿಸುವ ಹನಿ ಹಾಕಲು ಬಂದರೂ "ಕೋನ ನೋಡಿದ್ದೀರಾ?" ಅಂತ ಕೇಳಿ. ನೆಗಡಿ, ಅಲರ್ಜಿಗೆ ಅಂಗಡಿಯಲ್ಲಿ ಸಿಗುವ ಕೆಲವು ಮಾತ್ರೆಗಳೂ ಪಾಪೆ ಹಿಗ್ಗಿಸುತ್ತವೆ, ಡಾಕ್ಟರನ್ನು ಕೇಳದೆ ನುಂಗಬೇಡಿ. ಕಣ್ಣು ನೋವು, ದೀಪದ ಸುತ್ತ ಕಾಮನಬಿಲ್ಲು, ವಾಂತಿ, ಮೂರೂ ಒಟ್ಟಿಗೆ ಬಂದರೆ ಬೆಳಗಾಗಲಿ ಅಂತ ಕಾಯಬೇಡಿ.

ಲೇಸರ್ ದೊಡ್ಡ ವಿಷಯವೇನಲ್ಲ. ಪಾಪೆ ಕುಗ್ಗಿಸುವ ಹನಿ ಹಾಕುತ್ತಾರೆ, ಅದರಿಂದ ಹುಬ್ಬಿನ ಮೇಲೆ ನೋವು ಬರುತ್ತದೆ. ಆಮೇಲೆ ಮರಗಟ್ಟಿಸುವ ಹನಿ. ಯಂತ್ರಕ್ಕೆ ಗಲ್ಲ ಇಟ್ಟು ಕೂತರೆ ಚಟ್ ಚಟ್ ಅಂತ ಕೆಲವು ಏಟು. ಕಣ್ಣಿನ ಬಣ್ಣದ ಪಟಲದ ಅಂಚಿನಲ್ಲಿ ಒಂದು ಸೂಜಿಮೊನೆಯ ತೂತು ಮಾಡುತ್ತಾರೆ, ನೀರಿಗೆ ಇನ್ನೊಂದು ದಾರಿ. ಎರಡೂ ಕಣ್ಣಿಗೆ ಸೇರಿ ಅರ್ಧ ಗಂಟೆ ಹಿಡಿಯಲಿಲ್ಲ. ಒಂದು ಗಂಟೆ ಕೂರಿಸಿ ಒತ್ತಡ ನೋಡಿ ಕಳಿಸಿದರು. ಒಂದು ವಾರ ಹನಿ. ಅವನ ಚಿಕ್ಕಮ್ಮನ ಮನೆಯಲ್ಲಿ ಉಳಿದಿದ್ದೆವು. ಆ ರಾತ್ರಿ ಅವನು ಅಕ್ಕನಿಗೆ ಫೋನ್ ಮಾಡಿ ಇದನ್ನೆಲ್ಲ ಹೇಳಿದ. ಆ ಕಡೆ ತುಂಬಾ ಹೊತ್ತು ಮಾತಿಲ್ಲ. ಆಮೇಲೆ ಅವಳು ಕೇಳಿದಳು, "ಬೀದಿದೀಪದ ಸುತ್ತ ಬಣ್ಣ ಕಾಣುವುದು ಎಲ್ಲರಿಗೂ ಇರುವುದಿಲ್ಲವಾ?" ಅವಳಿಗೆ ಎರಡು ವರ್ಷದಿಂದ ಚಳಿಗಾಲದ ಸಂಜೆಗಳಲ್ಲಿ ಕಾಣುತ್ತಿತ್ತಂತೆ, ತಲೆನೋವಿನ ಜೊತೆ. ಮೈಗ್ರೇನ್ ಅಂದುಕೊಂಡಿದ್ದಳು. ಮೂರನೇ ವಾರಕ್ಕೆ ಅವಳಿಗೂ ಲೇಸರ್ ಆಯಿತು.

ಕನ್ನಡಕದ ಖರ್ಚು, ಕಣ್ಣಿಗೆ ಪಟ್ಟಿ

ಆಸ್ಪತ್ರೆಗೆ ನಮ್ಮ ಕೈಯಿಂದ ಹೋಗಿದ್ದು ಇಲ್ಲವೆನ್ನುವಷ್ಟು ಕಡಿಮೆ. ಜೇಬಿಗೆ ಕತ್ತರಿ ಹಾಕಿದ್ದು ಕನ್ನಡಕ. ಗಂಡನ ಒಂದು ಜೊತೆ ಗಾಜಿಗೇ 5,800 ಕ್ರೋನೆ. ಒಂದು ಕ್ರೋನೆಗೆ ಸುಮಾರು 13 ರೂಪಾಯಿ ಹಿಡಿದರೂ ಮುಕ್ಕಾಲು ಲಕ್ಷ. ಅದು ಹೊರದೇಶದಿಂದ ತಯಾರಾಗಿ ಬರಲು ಐದು ವಾರ. ಬಂದಿದ್ದು ಸರಿಯಿರಲಿಲ್ಲ. ನೆಲ ಏರುಪೇರಾಗಿ ಕಾಣುತ್ತದೆ ಅಂದ. ಅಂಗಡಿಯವರು "ಅಭ್ಯಾಸ ಆಗುತ್ತದೆ" ಅಂದರು. ಎರಡು ವಾರ ಹಾಗೇ ತಡಕಾಡಿದ. ಕೊನೆಗೆ ಡಾಕ್ಟರೇ ಹಿಡಿದರು: ಹೊಸ ಫ್ರೇಮು ಹಳೆಯದಕ್ಕಿಂತ ಕಣ್ಣಿನಿಂದ 3 ಮಿ.ಮೀ. ದೂರ ಕೂತಿತ್ತು. ಪ್ಲಸ್ 16ರ ಗಾಜು ಅಷ್ಟು ಸರಿದರೆ ಕಣ್ಣಿಗೆ ತಲುಪುವುದರಲ್ಲಿ ಮುಕ್ಕಾಲು ಪವರ್ ವ್ಯತ್ಯಾಸ ಬರುತ್ತದೆ. ಗಾಜಿಗೂ ಕಣ್ಣಿಗೂ ಇರುವ ದೂರವನ್ನು ಚೀಟಿಯಲ್ಲಿ ಬರೆಸಿ. ಫ್ರೇಮು ಚಿಕ್ಕದು, ದುಂಡಗಿನದು ಆರಿಸಿ, ಗಾಜಿನ ತೂಕ ಕಡಿಮೆಯಾಗುತ್ತದೆ, ಮೂಗಿನ ಮೇಲೆ ಜಾರುವುದಿಲ್ಲ. ಹೊಸದು ಸರಿಹೋಗುವವರೆಗೆ ಹಳೆಯದನ್ನು ಬಿಸಾಡಬೇಡಿ. ಕಾಂಟ್ಯಾಕ್ಟ್ ಲೆನ್ಸ್ ಇವನಿಗೆ ಆಗಿಬರಲಿಲ್ಲ. ಇಲ್ಲಿಯ ಗಾಳಿಗೆ ಉಪ್ಪುನೀರು ಕಣ್ಣಿಗೇ ಬಂದು ಬೀಳುತ್ತದೆ.

ಮಗಳ ಕನ್ನಡಕ ಬೇಗ ಬಂತು. ಹಿಂದೆ ರಬ್ಬರಿನ ಪಟ್ಟಿ ಇರುವುದು, ಕೆಂಪು ಬಣ್ಣದ್ದು, ಅವಳೇ ಆರಿಸಿದ್ದು. ಮೊದಲ ಮೂರು ದಿನ ಕಿತ್ತು ಕಿತ್ತು ಎಸೆದಳು. ನಾಲ್ಕನೇ ದಿನ ಬೆಳಿಗ್ಗೆ ಹಾಸಿಗೆಯಿಂದಲೇ ಕೇಳಿದಳು, "ನನ್ನ ಕಣ್ಣು ಎಲ್ಲಿ?" ಬಲಗಣ್ಣಿಗೆ ದಿನಕ್ಕೆ ಎರಡು ಗಂಟೆ ಪಟ್ಟಿ ಕಟ್ಟಬೇಕಿತ್ತು, ಎಡಗಣ್ಣು ಕೆಲಸ ಕಲಿಯಲಿ ಅಂತ. ಅದು ದೊಡ್ಡ ಯುದ್ಧ. ಅತ್ತೆ ಉಣ್ಣೆಯ ಕುರಿ ಗೊಂಬೆ ಹೆಣೆದು ಅದಕ್ಕೂ ಒಂದು ಪಟ್ಟಿ ಅಂಟಿಸಿ ಕಳಿಸಿದರು. ಕುರಿ ಕಟ್ಟಿಕೊಂಡರೆ ಇವಳೂ ಕಟ್ಟಿಕೊಳ್ಳುತ್ತಾಳೆ. ಕುರಿಗೆ ಬೇಡವಾದ ದಿನ ಇವಳಿಗೂ ಬೇಡ.

ಏಪ್ರಿಲ್

ಹನ್ನೆರಡು ವಾರ ಆದಮೇಲೆ ಕಾಗದ ಬಂತು. ನಾನು ಕೆಲಸದಲ್ಲಿದ್ದೆ. ಅಡುಗೆಮನೆಯಲ್ಲಿ ನಿಂತು ಗಂಡ ಫೋನಿನಲ್ಲಿ ಓದಿದ. ಅವನಲ್ಲಿ ಇರುವುದು ಒಂದೇ ತಪ್ಪಿನ ಎರಡು ಪ್ರತಿ ಅಲ್ಲ, ಎರಡು ಬೇರೆ ಬೇರೆ ತಪ್ಪು. 926ನೇ ಅಕ್ಷರದಲ್ಲಿ ಒಂದು, 526ರಲ್ಲಿ ಇನ್ನೊಂದು. ಒಂದು ಅಪ್ಪನ ಕಡೆಯದು, ಒಂದು ಅಮ್ಮನ ಕಡೆಯದು. ಮಗಳಿಗೆ ಬಂದಿರುವುದು 526ರದು ಮಾತ್ರ. ಅವಳು ವಾಹಕಿ. ನನ್ನ ಎರಡೂ ಪ್ರತಿ ಸರಿಯಿವೆ.

ಹಾಗಾದರೆ ಅವಳ ಪ್ಲಸ್ 6, ಆ ಮೆಳ್ಳಗಣ್ಣು ಎಲ್ಲಿಂದ ಬಂತು? ಡಾಕ್ಟರು ಹೇಳಿದ್ದು, ಇದು ಎಲ್ಲ ಊರಿನ ಮಕ್ಕಳಲ್ಲೂ ಸಿಗುವ ಮಾಮೂಲಿ ತೊಂದರೆ, ಹೆಚ್ಚಾಗಿ ಮನೆತನದಲ್ಲಿ ಹರಿಯುತ್ತದೆ, ಕನ್ನಡಕ ಹಾಕಿದರೆ ಕಣ್ಣು ನೇರ ನಿಲ್ಲುತ್ತದೆ. ಆ ಸಂಜೆ ಅಮ್ಮನಿಗೆ ಫೋನ್ ಮಾಡಿ ಎಲ್ಲ ಹೇಳಿದೆ.

"ಅಯ್ಯೋ, ಮೆಳ್ಳಗಣ್ಣಾ? ನಿನ್ ಸೋದರಮಾವನಿಗೆ ಇರ್ಲಿಲ್ವೇನೇ ಚಿಕ್ಕೋನಿದ್ದಾಗ! ನಿಮ್ಮಜ್ಜಿಗೂ ಇತ್ತು. ಅದೃಷ್ಟ ಅಂತ ಯಾರೂ ತಲೆ ಕೆಡಿಸ್ಕೊಂಡಿಲ್ಲ."

"ಅಮ್ಮಾ, ಎಂಟು ತಿಂಗಳಿಂದ ಪ್ರತಿ ವಾರ ಮಾತಾಡ್ತಿದೀವಿ. ಒಂದು ಸಲನಾದ್ರೂ ಹೇಳಬಾರದಿತ್ತಾ?"

"ನೀನೆಲ್ಲಿ ಕೇಳಿದ್ದೆ? ಅವರ ಮನೆ ಕಣ್ಣಿನ ವಿಷಯನೇ ಹೇಳ್ತಿದ್ದೆ."

ಫಾರಂ ತುಂಬುವಾಗ ಬರೀ ಕನ್ನಡಕ ಹಾಕಿದವರನ್ನು ಕೇಳಬೇಡಿ. ಮೆಳ್ಳಗಣ್ಣು, ಸಂಜೆ ತಲೆನೋವು, "ಅವನಿಗೆ ಓದು ಹತ್ತಲಿಲ್ಲ" ಅನ್ನಿಸಿಕೊಂಡವರು, ಎಲ್ಲರನ್ನೂ ಕೇಳಿ. ಎರಡೂ ಕಡೆ ಕೇಳಿ.

ಜೂನಿನಲ್ಲಿ ಕೊನೆಯ ತಪಾಸಣೆ ಆಯಿತು. ಗಂಡನ ಕಣ್ಣಿನ ಒತ್ತಡ ಸರಿಯಿದೆ, ಆರು ತಿಂಗಳಿಗೊಮ್ಮೆ ಹೋಗಬೇಕು. ಮಗಳ ಎಡಗಣ್ಣು ಎರಡು ಸಾಲು ಜಾಸ್ತಿ ಓದಿತು. ರಾತ್ರಿ ಹನ್ನೊಂದಕ್ಕೂ ಇಲ್ಲಿ ಬೆಳಕಿರುವ ಕಾಲ ಇದು. ಪರದೆ ಎಳೆದು ಅವಳನ್ನು ಮಲಗಿಸುವಷ್ಟರಲ್ಲಿ ಅಮ್ಮನ ಫೋನ್ ಬಂತು. ಅಲ್ಲಿ ಬೆಳಗಿನ ಜಾವ. ನಮ್ಮೂರ ದೇವಿ ಕೆಂಪಮ್ಮನಿಗೆ ಬೆಳ್ಳಿ ಕಣ್ಣು ಕೊಡ್ತೀನಿ ಅಂತ ಹರಕೆ ಹೊತ್ತಿದ್ದಳು, ಈಗ ಅಕ್ಕಸಾಲಿಗರ ಹತ್ತಿರ ಹೋಗಬೇಕು, ಎಷ್ಟು ಜೊತೆ ಮಾಡಿಸಲಿ ಅಂತ ಕೇಳಿದಳು. ಮಗೂಗೆ ಒಂದು, ಅಳಿಯಂದಿರಿಗೆ ಒಂದು ಸಾಕಾ?

ಗಂಡನಿಗೆ ಹೇಳಿದೆ. ಅವನು ಸ್ವಲ್ಪ ಯೋಚಿಸಿ, ಅಕ್ಕನಿಗೂ ಸೇರಿಸಿ ಮೂರು ಅಂದ. ತನ್ನ ಜೊತೆ ಮಾತ್ರ ಚಿಕ್ಕದಿರಲಿ, ಅಳತೆ 16.4 ಅಂತಲೂ ಹೇಳು ಅಂದ.